ದೇವಿಕಾ ತಂದ ಬೂದಿ ಗಡಿಗೆ

"ಆಯಿ, ಈ ಡಬ್ಬಿ ಬ್ಯಾಡೇನು?"

"ಬೇಕು. ಅದರಾಗ ಸೂಜಿ ದಾರ ಇಡ್ತೀನಿ."

"ಈ ಹರದ ಅಂಗಿ?"

"ಕೌದಿ ಹೊಲಿಯಾಕ ಬೇಕು. ಇಡು ಕೆಳಗ."

"ಹೋಗ್ಲಿ, ಈ ಬಾಟ್ಲಿ?"

"ಅದನ್ನ ಒಯ್ದ್ರ ನಾ ಎಣ್ಣಿ ಎದರಾಗ ತರ್ಲಿ? ನಿನ್ನ ತಲಿ ಮ್ಯಾಲೇನು?"

ದೇವಿಕಾ ಸೊಂಟದ ಮೇಲೆ ಎರಡೂ ಕೈ ಇಟ್ಟು ನಿಂತಳು. ಬೆಳಗ್ಗೆ ಎದ್ದಾಗಿನಿಂದ ಮನೆಯನ್ನೆಲ್ಲ ಜಾಲಾಡಿದ್ದಳು. ಬಿಸಾಡುವಂಥ ಒಂದೇ ಒಂದು ವಸ್ತು ಸಿಕ್ಕಿರಲಿಲ್ಲ.

"ನಮ್ಮ ಮನ್ಯಾಗ ವೇಸ್ಟ್ ಅನ್ನೋದೇ ಇಲ್ಲಲ್ಲ! ಇದೆಂಥ ಮನಿ ಆಯಿ?" ಎಂದು ಕೂಗಿದಳು.

ಅಜ್ಜಿ ಅಮೃತಬಾಯಿ ತಲೆ ಎತ್ತಲೂ ಇಲ್ಲ. "ಇಲ್ಲಂದ್ರ ಇಲ್ಲ ಅಂತ ಹೇಳು ನಿಮ್ಮ ಟೀಚರಿಗಿ. ಅದರಾಗೇನು ನಾಚ್ಕಿ?"

ಹೇಳುವುದು ಸುಲಭ! ಇವತ್ತು ಮಧ್ಯಾಹ್ನ ಶಾಲೆಯಲ್ಲಿ ಎಕ್ಸಿಬಿಷನ್. ಮನೆಯ ವೇಸ್ಟ್ ತಂದು ಏನಾದರೂ ಚಂದದ್ದು ಮಾಡಬೇಕೆಂದು ಐದನೇ ಕ್ಲಾಸಿನ ಶಿಲ್ಪಾರಾಣಿ ಟೀಚರ್ ಹೇಳಿದ್ದರು. ನೋಡಲು ಎಲ್ಲರ ಮನೆಯವರೂ ಬರುತ್ತಾರೆ. ಎಲ್ಲರ ಟೇಬಲ್ ತುಂಬಿ ತನ್ನದೊಂದೇ ಖಾಲಿ ಇದ್ದರೆ ಅದೇ ಕ್ಲಾಸಿನ ಲಕ್ಷ್ಮೀಕಾಂತ ಸುಮ್ಮನಿರುತ್ತಾನೆಯೇ?

ದೇವಿಕಾಳ ಮನೆಯ ರೀತಿಯೇ ಹಾಗೆ. ಸೋಪು ಸವೆದು ತೆಳ್ಳಗಾದರೆ ಹೊಸ ಸೋಪಿನ ಬೆನ್ನಿಗೆ ಅಂಟಿ ಕೂರುತ್ತದೆ. ಅಕ್ಕಿ ತೊಳೆದ ನೀರು ಕುರಿಮರಿಗಳ ಹೊಟ್ಟೆಗೆ. ತರಕಾರಿ ಸಿಪ್ಪೆಯೂ ಅವಕ್ಕೇ. ಟೂತ್‌ಪೇಸ್ಟಿನ ಟ್ಯೂಬನ್ನು ಅಪ್ಪ ಬಂಡೆಪ್ಪ ಕತ್ತರಿಯಿಂದ ಸೀಳಿ, ಒಳಗಿನದನ್ನು ಬಳಿದು ಇನ್ನೂ ಒಂದು ವಾರ ಹಲ್ಲುಜ್ಜುತ್ತಾನೆ. ಒಲೆಯ ಬೂದಿ ಕೂಡ ಹೊರಗೆ ಹೋಗುವುದಿಲ್ಲ, ಪಾತ್ರೆ ತಿಕ್ಕಲು ಬೇಕು!

ಮನೆಯೊಳಗೆ ಇಷ್ಟಾದರೆ ಸಾಕಿತ್ತು. ಆಯಿ ಊರಿಗೆಲ್ಲ ಇದನ್ನೇ ಕಲಿಸಲು ಹೋಗುತ್ತಾಳೆ. ಮದುವೆ ಊಟದಲ್ಲಿ ಯಾರ ಎಲೆಯಲ್ಲಿ ಅನ್ನ ಉಳಿದರೂ ಬಿಡುವವಳಲ್ಲ. ಒಮ್ಮೆ ಲಕ್ಷ್ಮೀಕಾಂತನನ್ನೂ ನೂರು ಜನರ ಎದುರಿಗೆ ಗದರಿದ್ದಳು. ಅಂದಿನಿಂದ ಅವನ ಬಾಯಲ್ಲಿ ಆಯಿಯ ಹೆಸರು 'ಕಂಜೂಸ್ ಅಮೃತಬಾಯಿ'. ಅದನ್ನು ಕೇಳಿದಾಗೆಲ್ಲ ದೇವಿಕಾಳಿಗೆ ಮೈ ಉರಿಯುತ್ತದೆ. ಕೆಲವೊಮ್ಮೆ ಅವನ ಮೇಲೆ, ಕೆಲವೊಮ್ಮೆ ಆಯಿಯ ಮೇಲೆ.

ಆಯಿ ಮರಿಗಳಿಗೆ ನೀರಿಡಲು ಹೊರಗೆ ಹೋದಳು. ಆಗ ದೇವಿಕಾಳ ಕಣ್ಣಿಗೆ ಬಿತ್ತು ಒಂದು ಗಡಿಗೆ. ಜೋಳದ ಚೀಲಗಳ ಹಿಂದೆ, ಗೋಡೆಯ ಮೂಲೆಯಲ್ಲಿ ಕುಳಿತಿತ್ತು. ಅಂಚು ಒಡೆದಿತ್ತು. ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿತ್ತು. ಬಿಚ್ಚಿ ನೋಡಿದರೆ ಬರೀ ಬೂದಿ.

"ಪಾತ್ರೆ ತಿಕ್ಕುವ ಬೂದಿ. ಬಚ್ಚಲಲ್ಲಿ ಇನ್ನೊಂದು ಡಬ್ಬಿ ಹೇಗೂ ಇದೆಯಲ್ಲ" ಎಂದುಕೊಂಡಳು. ಕೇಳಿದರೆ ಆಯಿ ಇದಕ್ಕೂ 'ಬೇಕು' ಅನ್ನುತ್ತಾಳೆ. ಕೇಳಲೇ ಇಲ್ಲ. ಗಡಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಶಾಲೆಗೆ ಓಡಿದಳು.

ಟೀಚರಿಗೆ ಖುಷಿಯೋ ಖುಷಿ. "ಸೂಪರ್ ದೇವಿಕಾ! ಬೂದಿ ಚೆಲ್ಲಿ, ತೊಳೆದು, ಪೇಂಟ್ ಹಚ್ಚು. ಫ್ಲವರ್ ಪಾಟ್ ಆಗ್ತದ."

ಬಿಸಿಯೂಟದ ಅಡುಗೆಮನೆಯ ಹಿಂದೆ ಬೇವಿನ ಮರವಿತ್ತು. ಅದರ ಬುಡದಲ್ಲಿ ದೇವಿಕಾ ಗಡಿಗೆಯನ್ನು ಬೋರಲು ಹಾಕಿದಳು. ಬೂದಿ ದೊಪ್ಪನೆ ಬಿತ್ತು. ಅದರ ಜೊತೆ ಟಪಟಪ ಎಂದು ಇನ್ನೇನೋ ಉದುರಿತು.

ಬೂದಿ ಸದ್ದು ಮಾಡುತ್ತದೆಯೇ? ಅವಳು ಕೈ ಹಾಕಿ ನೋಡಿದಳು. ಕರ್ರನೆಯ ಕಾಳುಗಳು. ತೊಗರಿ. ಕರಿ ತೊಗರಿ!

ಇದು ಪಾತ್ರೆ ತಿಕ್ಕುವ ಬೂದಿಯಲ್ಲ. ಹುಳ ಹಿಡಿಯದಿರಲಿ ಎಂದು ಆಯಿ ಬೀಜಕ್ಕೆ ಹಾಕಿಟ್ಟ ಬೂದಿ. ಆಯಿಗೆ ಅವಳ ಅವ್ವ ಕೊಟ್ಟ ಬೀಜ ಅದು. ಪ್ರತಿ ವರ್ಷ ಬಿತ್ತಿ, ಬೆಳೆದು, ಮತ್ತೆ ಗಡಿಗೆಗೆ ತುಂಬಿ ಉಳಿಸಿಕೊಂಡು ಬಂದದ್ದು. 'ಜಹೀರಾಬಾದಿನ ಬಜಾರೆಲ್ಲ ತಿರುಗಿದ್ರೂ ಸಿಗೂದಿಲ್ಲ' ಎಂದು ಆಯಿ ಎಷ್ಟು ಸಲ ಹೇಳಿಲ್ಲ! ಮೊನ್ನೆ ಮಳೆಯೂ ಬಂದಿದೆ. ಇದೇ ವಾರ ಬಿತ್ತಬೇಕು.

ಅಷ್ಟರಲ್ಲಿ ಎರಡು ಕೋಳಿಗಳು ಓಡೋಡಿ ಬಂದವು. ಬೂದಿ ಕೆದರಿ ಕುಟುಕತೊಡಗಿದವು.

"ಹುಶ್! ಹುಶ್! ನಿಮ್ಮಪ್ಪಂದೇನು?" ದೇವಿಕಾ ಚಪ್ಪಲಿ ಬೀಸಿ ಓಡಿಸಿದಳು. ಅವು ಆ ಕಡೆ ಹೋಗಿ ಈ ಕಡೆಯಿಂದ ಬಂದವು. ಇಲ್ಲಿ ಬಿಟ್ಟು ಹೋದರೆ ಒಂದು ಕಾಳೂ ಉಳಿಯುವುದಿಲ್ಲ. ಅಲ್ಲಿಂದಲೇ ಕೂಗಿ ಅಡುಗೆಯ ಬಾಳಮ್ಮನಿಂದ ಮೊರ, ಜರಡಿ ತರಿಸಿಕೊಂಡಳು. ಬೂದಿ, ಮಣ್ಣು, ಕಸ, ಕಾಳು ಎಲ್ಲವನ್ನೂ ಬಾಚಿ ಗಡಿಗೆಗೆ ತುಂಬಿ, ತನ್ನ ಟೇಬಲ್ಲಿಗೆ ಹೊತ್ತು ತಂದಳು. ಅಲ್ಲಿಯೇ ಜರಡಿ ಹಿಡಿಯಲು ಶುರುಮಾಡಿದಳು.

"ಅಯ್ಯೋ, ಇದೇನಿದು!" ಟೀಚರ್ ಮೂಗಿಗೆ ಕರ್ಚೀಫ್ ಹಿಡಿದರು. "ಎಲ್ಲರ ಮಾಡೆಲ್ ಮೇಲೆ ಬೂದಿ ಕೂರ್ತದ. ಹೊರಗೆ ಚೆಲ್ಲು ಅಂದಿದ್ನಲ್ಲ?"

"ಇದು ಚೆಲ್ಲೋದಲ್ಲರಿ ಟೀಚರ್. ಬೀಜ ಅದ."

"ಬೀಜ ಆಮೇಲೆ ಆರಿಸು. ಮೊದಲು ಪೇಂಟ್ ಹಚ್ಚು, ಟೈಮ್ ಇಲ್ಲ."

"ಹಚ್ಚೂದಿಲ್ಲರಿ. ಪೇಂಟ್ ಹಚ್ಚಿದ್ರ ಬೀಜ ಎದರಾಗ ಇಡ್ಲಿ?"

ಶಿಲ್ಪಾರಾಣಿ ಟೀಚರಿಗೆ ಹೀಗೆ ಎದುರು ಮಾತಾಡಿದವರು ಇರಲಿಲ್ಲ. ದೇವಿಕಾ ಜರಡಿ ಹಿಡಿದ ಕೈ ಬಿಡಲಿಲ್ಲ.

"ಹಾಗಾದ್ರೆ ಎಕ್ಸಿಬಿಷನ್ನಿಗೆ ಏನು ಇಡ್ತಿ?"

"ಏನೂ ಇಲ್ಲರಿ."

"ಮಾರ್ಕ್ಸ್ ಸಿಗಲ್ಲ ನೋಡು."

"ಕೊಡಬ್ಯಾಡ್ರಿ."

ಟೀಚರ್ "ಹೊರಗೆ ಹೋಗಿ ಏನು ಬೇಕಾದ್ರೂ ಮಾಡ್ಕೊ" ಎಂದು ಬಾಗಿಲ ಕಡೆ ಕೈ ತೋರಿಸಿದರು.

ಹೊರಗೆ ಅಂದರೆ ಹೊರಗೆ. ದೇವಿಕಾ ವರಾಂಡದಲ್ಲಿ, ಬಾಗಿಲಿನ ಪಕ್ಕದಲ್ಲೇ ಕಾಲು ಚಾಚಿ ಕುಳಿತಳು. ಒಳಗೆ ಹೋಗುವವರೆಲ್ಲ ಅವಳನ್ನು ದಾಟಿಯೇ ಹೋಗಬೇಕು. ಹೋಗಲಿ, ನೋಡಲಿ! ಅವಳು ಜರಡಿ ಆಡಿಸಿದಳು, ಮೊರದಲ್ಲಿ ಕೇರಿದಳು, ಕಸ ಹೆಕ್ಕಿದಳು. ಕೂದಲು, ಹುಬ್ಬು, ಮೂಗು ಎಲ್ಲ ಬೂದಿಯಾಯಿತು.

ಲಕ್ಷ್ಮೀಕಾಂತ ತನ್ನ ರಾಕೆಟ್ ಹಿಡಿದುಕೊಂಡು ಹೊರಗೆ ಬಂದ. ಆರು ಪ್ಲಾಸ್ಟಿಕ್ ಬಾಟಲಿಗಳ ದೊಡ್ಡ ರಾಕೆಟ್ ಅದು.

"ಕಂಜೂಸ್ ಅಮೃತಬಾಯಿ ಮೊಮ್ಮಗಳು ಬೂದಿ ಅಂಗಡಿ ಇಟ್ಟಾಳ ನೋಡ್ರೋ! ಕೆ.ಜಿ.ಗಿ ಎಷ್ಟವಾ?"

ಹುಡುಗರೆಲ್ಲ ನಕ್ಕರು. ದೇವಿಕಾ ಮೊರ ಕೆಳಗಿಟ್ಟಳು.

"ನಿನ್ನ ಬಾಟ್ಲಿ ವೇಸ್ಟ್ ಏನೋ? ನಿನ್ನಿ ಸಂಜಿಕಿ ಹೊಸಾ ಬಾಟ್ಲಿ ತಂದು ನೀರೆಲ್ಲ ನಾಲ್ಯಾಗ ಸುರದಿ. ಇಡೀ ಓಣಿ ನೋಡ್ಯಾದ. ವೇಸ್ಟ್ ಅಂಗಡ್ಯಾಗ ಮಾರ್ತಾರೇನು?"

ಈ ಸಲ ಹುಡುಗರು ಇನ್ನೂ ಜೋರಾಗಿ ನಕ್ಕರು. ಲಕ್ಷ್ಮೀಕಾಂತನ ಕಿವಿ ಕೆಂಪಾದವು. ಅವನು ಏನೋ ಗೊಣಗುತ್ತ ಒಳಗೆ ಹೋದ.

ಮಧ್ಯಾಹ್ನ ಊರಿನವರು ಬಂದರು. ಒಳಗೆ ಹೋಗುವ ಮೊದಲು ಒಬ್ಬೊಬ್ಬರಾಗಿ ವರಾಂಡದಲ್ಲೇ ನಿಂತರು. ಬೂದಿ ಯಾಕೆ ಹಾಕಿದ್ದು, ಯಾವ ಒಲೆಯ ಬೂದಿ, ಹುಳ ಬೀಳುವುದಿಲ್ಲವೇ ಎಂದೆಲ್ಲ ಕೇಳಿದರು. ದೇವಿಕಾ ತನಗೆ ಗೊತ್ತಿದ್ದಷ್ಟು ಹೇಳಿದಳು. ಗೊತ್ತಿಲ್ಲದಿದ್ದಕ್ಕೆ, "ನಮ್ಮ ಆಯಿಗಿ ಕೇಳ್ರಿ" ಎಂದಳು. ಒಳಗೆ ರಾಕೆಟ್ಟಿನ ಸುತ್ತ ಅಷ್ಟು ಜನ ಇರಲಿಲ್ಲ. ಅದನ್ನು ಕಂಡು ಅವಳಿಗೆ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಬೇಕು?

ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಗೇಟಿನಲ್ಲಿ ಆಯಿ ಕಾಣಿಸಿದಳು.

ಆಯಿ ಬಂದು ಗಡಿಗೆ ನೋಡಿದಳು. ಮೊಮ್ಮಗಳನ್ನು ನೋಡಿದಳು. ಕುಕ್ಕರಗಾಲಲ್ಲಿ ಕುಳಿತು, ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಟಕ್ಕೆಂದು ಕಚ್ಚಿದಳು.

"ಹಸಿ ಆಗಿಲ್ಲ" ಎಂದಳು. "ಕೇಳದ ಯಾಕ ತಂದಿ?"

"ಏನ್ ಕೇಳಿದ್ರೂ ಬೇಕು, ಬೇಕು ಅಂತಿದ್ದಿ! ಮತ್ತೇನ್ ಮಾಡ್ಲಿ?" ದೇವಿಕಾ ಮೊರವನ್ನು ಅವಳ ಮುಂದೆ ತಳ್ಳಿದಳು. "ಚೆಲ್ಲಿದ್ದು ನಾನೇ. ಎಲ್ಲಾ ನಾನೇ ಆರಸೀನಿ. ಕೋಳಿ ಜರಾ ತಿಂದಾವ."

"ಎಲ್ಲಾ ಬೇಕು ಅಂತೀನಿ, ಅದೂ ಖರೆ" ಎಂದು ಆಯಿ ಸೆರಗಿನಿಂದ ಅವಳ ಮೂಗಿನ ಬೂದಿ ಒರೆಸಿದಳು. ಆಯಿ ಬೈಯುತ್ತಾಳೆಂದು ಕಾದಿದ್ದ ದೇವಿಕಾಳಿಗೆ ಈಗ ಅಳುವೇ ಬಂತು.

ಅಷ್ಟರಲ್ಲಿ ಲಕ್ಷ್ಮೀಕಾಂತನ ಅವ್ವ ಭಾಗ್ಯ ಮಗನ ಕೈ ಹಿಡಿದು ಹೊರಗೆ ಬಂದಳು. ಮೊರದ ಮೇಲೆ ಕಣ್ಣು ಬಿದ್ದದ್ದೇ ನಿಂತುಬಿಟ್ಟಳು.

"ಕರಿ ತೊಗರಿ! ನಮ್ಮ ಮನ್ಯಾಗ ಇದರ ಬೀಜ ಹೋಗಿ ಎಷ್ಟ ವರ್ಷ ಆತೋ. ಅಮೃತಬಾಯಿ, ಒಂದ ಮುಷ್ಟಿ ಕೊಡ್ರಿ. ಹೊಲದ ಬದೀಲಿ ಹಾಕ್ತೀನಿ."

ದೇವಿಕಾ ಗಡಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

"ಕೊಡಬ್ಯಾಡ ಆಯಿ! ಇವ ನಿನಗ ಕಂಜೂಸ್ ಅಂತಾನ. ಊರ ತುಂಬ ಅನ್ಕೋತ ತಿರಗ್ತಾನ!"

ಭಾಗ್ಯ ಮಗನನ್ನು ದುರುಗುಟ್ಟಿ ನೋಡಿದಳು. ಲಕ್ಷ್ಮೀಕಾಂತ ನೆಲ ನೋಡಿದ. ಈಗ ಆಯಿಯ ಬಾಯಿಂದ ಬೆಂಕಿ ಬೀಳುತ್ತದೆ ಎಂದು ದೇವಿಕಾ ಕಾದಳು.

ಆಯಿ ನಕ್ಕಳು! "ಅನ್ಲಿ ಬಿಡು. ಸೋಪಿನ ಚೂರ ಅಂಟಸಾಕಿಗಿ ಮತ್ತೇನಂತಾರ?"

"ಆದ್ರ ನಾ ಮುಂಜಾನಿಂದ ಆರಿಸೀನಿ ಆಯಿ. ಒಂದೊಂದೇ ಕಾಳು!"

"ಹೂಂ. ಒಂದ ವರ್ಷ ನಮ್ಮ ಹೊಲದಾಗ ನೀರ ನಿಂತು ತೊಗರಿ ಎಲ್ಲಾ ಕೊಳತಿತ್ತು. ಗಡಿಗ್ಯಾಗ ಒಂದ ಕಾಳ ಉಳದಿದ್ದಿಲ್ಲ. ಆಗ ನೀ ಇನ್ನಾ ಹುಟ್ಟಿದ್ದಿಲ್ಲ. ಬೀಜ ಎಲ್ಲಿಂದ ಬಂತು ಹೇಳು?"

ದೇವಿಕಾ ಗಡಿಗೆಯೊಳಗೆ ಇಣುಕಿದಳು.

"ಧಾರೂರಿಂದ. ನಮ್ಮ ತಂಗಿ ಮನಿಂದ. ಅದಕ್ಕೂ ಮೊದಲ ಆಕಿಗಿ ನಾನೇ ಒಂದ ಮುಷ್ಟಿ ಕೊಟ್ಟಿದ್ದೆ. ಕೊಡದಿದ್ರ ಇವತ್ತ ಈ ಗಡಿಗಿ ಖಾಲಿನೇ ಇರ್ತಿತ್ತು." ಆಯಿ ಮೊಣಕಾಲು ಹಿಡಿದು ಎದ್ದಳು. "ಕೊಡೂದು ಬಿಡೂದು ನಿನಗ ಬಿಟ್ಟದ್ದು. ಆರಿಸ್ದಾಕಿ ನೀನು."

ಎಲ್ಲರೂ ದೇವಿಕಾಳನ್ನೇ ನೋಡಿದರು. ಇಲ್ಲ ಅಂದರೆ ಯಾರೂ ಏನೂ ಅನ್ನುವುದಿಲ್ಲ. ಅವಳ ನಾಲಿಗೆಯ ತುದಿಗೆ 'ಇಲ್ಲ' ಬಂದೂ ಬಂದಿತ್ತು.

ಅವಳು ಗಡಿಗೆಯೊಳಗೆ ಕೈ ಹಾಕಿದಳು. "ಹಿಡಿಯೋ" ಎಂದಳು, ಮುಖ ಊದಿಸಿಕೊಂಡೇ.

ಲಕ್ಷ್ಮೀಕಾಂತ ಅಂಗಿಯ ತುದಿಯನ್ನು ಜೋಳಿಗೆ ಮಾಡಿ ಹಿಡಿದ. ದೇವಿಕಾಳ ಮುಷ್ಟಿ ಚಿಕ್ಕದು. ಅದರಲ್ಲಿ ಬಂದ ಕಾಳು ಅಂಗಿಯ ಮೂಲೆಯಲ್ಲಿ ಇಷ್ಟೇ ಇಷ್ಟು ಕಂಡಿತು. ಅವಳು ಅದನ್ನು ನೋಡಿದಳು. ಆಮೇಲೆ ಎರಡೂ ಕೈ ಸೇರಿಸಿ ಬೊಗಸೆ ಮಾಡಿ ಇನ್ನೊಮ್ಮೆ ತೆಗೆದು ಹಾಕಿದಳು.

"ಬೂದೀನೂ ಒಯ್ಯಿ. ಬಿತ್ತೂತನ ಬೂದ್ಯಾಗೇ ಇಡಬೇಕು. ಇಲ್ಲಂದ್ರ ಹುಳ ಬೀಳ್ತಾವ."

"ಬೂದಿ ಎಷ್ಟ್ ಹಾಕ್ಬೇಕು?" ಲಕ್ಷ್ಮೀಕಾಂತ ಮೆಲ್ಲಗೆ ಕೇಳಿದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಕಾಳು ಕಾಣಬಾರ್ದು, ಅಷ್ಟು."

ಬಾಗಿಲಲ್ಲಿ ನಿಂತಿದ್ದ ಶಿಲ್ಪಾರಾಣಿ ಟೀಚರ್ ಕರ್ಚೀಫನ್ನು ಮಡಚಿ ಕೈಚೀಲದೊಳಗೆ ಇಟ್ಟರು. "ನಾಳೆ ಬಂದು ನಿನ್ನ ಟೇಬಲ್ ಒರೆಸು ಮತ್ತೆ" ಎಂದರು. ದನಿ ಗಡುಸಾಗೇ ಇತ್ತು, ಆದರೆ ಬೈದ ಹಾಗೆ ಅನ್ನಿಸಲಿಲ್ಲ.

ಮನೆಗೆ ಹೋಗುವಾಗ ಆಯಿ ಮುಂದೆ, ಗಡಿಗೆ ಹೊತ್ತ ದೇವಿಕಾ ಹಿಂದೆ. ಲಕ್ಷ್ಮೀಕಾಂತ ಅಂಗಿಯ ಜೋಳಿಗೆಯನ್ನು ಎದೆಗೆ ಒತ್ತಿಕೊಂಡು ತನ್ನ ಓಣಿಗೆ ತಿರುಗಿದ. ಅವನು ನಡೆಯುವ ರೀತಿ ಅವಳಿಗೆ ಸರಿಬರಲಿಲ್ಲ.

"ಮೆಲ್ಲಕ ನಡಿಯೋ! ಉದುರಿಸಿದಿ ಅಂದ್ರ ನೋಡು, ಅದು ನಮ್ಮ ಬೀಜ!" ಎಂದು ಕೂಗಿದಳು.

"ಈಗ ನಮ್ಮದೂ ಅದ!" ಎಂದು ಅವನೂ ಅಲ್ಲಿಂದಲೇ ಕೂಗಿದ.

ತಿರುಗಿ ಖಾರವಾಗಿ ಏನಾದರೂ ಅನ್ನಬೇಕೆಂದು ದೇವಿಕಾ ಬಾಯಿ ತೆರೆದಳು. ಎಷ್ಟು ಯೋಚಿಸಿದರೂ ಅವನು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲ. ಬಾಯಿ ಮುಚ್ಚಿಕೊಂಡು, ಗಡಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, ಆಯಿಯ ಹಿಂದೆ ನಡೆದಳು.