ಮೂರನೇ ತಂತಿ

"ಈ ಗಿಟಾರಿನ ಮಿಕ್ಕ ಐದು ತಂತಿ ಎಷ್ಟು ಬೇಕಾದ್ರೂ ಬಾರಿಸ್ಕೋ ತಮ್ಮಾ. ಮೂರನೇದನ್ನ ಮಾತ್ರ ಬಿಗೀಬೇಡ," ಎಂದ ಹಳೇ ವಾದ್ಯಗಳ ಅಂಗಡಿಯ ಮುದುಕ.

ಕನ್ನಡಕದವನು ನಕ್ಕುಬಿಟ್ಟ. ಬೆಳಗಿನಿಂದ ಸಂಜೆಯವರೆಗೆ ಗಾಜು ಉಜ್ಜಿ ಜನರ ಕಣ್ಣಿಗೆ ತಕ್ಕಂತೆ ಕೂಡಿಸಿ ಕೊಡುವುದು ಅವನ ಕಸುಬು. ದೆವ್ವ ಕಂಡಿತು ಎಂದು ಯಾರಾದರೂ ಹೇಳಿದರೆ, ನಂಬರು ಬದಲಾಗಿರಬೇಕು, ಒಮ್ಮೆ ಬಂದು ತೋರಿಸಿ ಎನ್ನುವ ಆಸಾಮಿ. ಆ ಮಾತನ್ನೇ ಮುದುಕನಿಗೂ ಹೇಳಿದ. ಮುದುಕ ನಗಲಿಲ್ಲ.

ಹೊರಗೆ ಸುಡುಬಿಸಿಲಿದ್ದರೂ ಅಂಗಡಿಯ ಒಳಗೆ ಕತ್ತಲು. ಹಳೇ ಅರಗು, ಗೆದ್ದಲು ತಿಂದ ಮರ, ಇಲಿ ಹಿಕ್ಕೆ, ಎಲ್ಲ ಸೇರಿ ಮೂಗು ಕಟ್ಟುವ ವಾಸನೆ. ಗಿಟಾರು ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನೇತಾಡುತ್ತಿತ್ತು. ಎಷ್ಟು ಚಿಕ್ಕದೆಂದರೆ, ತಿರುಗಿಸಿ ಹಿಡಿದಾಗ ಅವನಿಗೆ ಮಗುವನ್ನೆತ್ತಿಕೊಂಡಂತಾಯಿತು. ಗಾಜು ಉಜ್ಜುವ ಸಾಣೆಯ ಮೇಲೆ ಬಗ್ಗಿ ಬಗ್ಗಿ ಅವನ ಬಲಭುಜ ಹಿಡಿದುಕೊಂಡು ವರ್ಷಗಳೇ ಆಗಿದ್ದವು. ಮನೆಯಲ್ಲಿದ್ದ ಹಂಡೆಯಂಥ ದೊಡ್ಡ ಗಿಟಾರನ್ನು ತಬ್ಬಿ ಕೂತರೆ ತೋಳು ಬೆಂಕಿಯಾಗುತ್ತಿತ್ತು. ಇದಕ್ಕೆ ಮೊಣಕೈ ಎತ್ತುವುದೇ ಬೇಡ. ಬೆರಳು ಸೋಕಿಸಿದರೆ ಸಾಕು, ಸ್ವರ ಎದುರಿನ ಗೋಡೆಗೆ ಹೋಗದೆ ನೇರ ಅವನ ಪಕ್ಕೆಯೊಳಗೆ ಇಳಿಯಿತು.

ಮುದುಕ ಕೊಡಲು ಸುಲಭಕ್ಕೆ ಒಪ್ಪಲಿಲ್ಲ. ಯಾವಳೋ ಒಬ್ಬಳು ತನ್ನ ಓರಗಿತ್ತಿ ಹಾಡುವುದನ್ನು ಸಹಿಸಲಾರದೆ ಇದಕ್ಕೆ ಮಾಟ ಮಾಡಿಸಿದ್ದಳಂತೆ. ಓರಗಿತ್ತಿಯ ಕೂದಲು, ಉಗುರನ್ನು ಮೂರನೇ ತಂತಿಯ ಬುಡದ ಮರದೊಳಗೆ ಇಟ್ಟು ಅಂಟು ಹಾಕಿಸಿದ್ದಳಂತೆ. ಇದನ್ನು ಸುಡಲು ಹೋದವನ ಮನೆಯಲ್ಲಿ ಒಂದೇ ವಾರದಲ್ಲಿ ಎರಡು ಹೆಣ ಬಿದ್ದವಂತೆ.

"ಸಾಯ್ಬೇಕಾದೋಳು ಸತ್ತಳು. ಆ ಸುದ್ದೀನ ಮಾಟಕ್ಕೆ ಯಾರೂ ಹೇಳ್ಲಿಲ್ಲ," ಎಂದ ಮುದುಕ. "ತಂತಿ ಬಿಗಿದೋರಿಗೆ ಏನೂ ಆಗಲ್ಲ ತಮ್ಮಾ. ಅವ್ರ ಜೊತೆ ಹಾಡೋರ, ಬಾರಿಸೋರ ಗಂಟ್ಲು ಕಟ್ಟುತ್ತೆ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕನ್ನಡಕದವನು ಕೈ ಬಿಡಲೇ ಇಲ್ಲ. ತಾನು ಸತ್ತ ಮೇಲೆ ಏನೂ ಗೊತ್ತಿಲ್ಲದವರ ಕೈಗೆ ಸಿಗುವುದಕ್ಕಿಂತ, ಹೇಳಿಸಿಕೊಂಡವನಾದರೂ ಒಯ್ಯಲಿ ಎಂದು ಮುದುಕ ಕೊನೆಗೆ ಕೊಟ್ಟ.

ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಹೆಂಡತಿ. ಅವಳು ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಮೈಕಿನಲ್ಲಿ ಹೇಳುವವಳು. ಆ ದನಿ ಕೇಳಿಯೇ ಅವನು ಹಿಂದೊಮ್ಮೆ ಬೇಕೆಂದೇ ರೈಲು ತಪ್ಪಿಸಿಕೊಂಡು, ನಿಲ್ದಾಣದಲ್ಲಿ ಉಳಿದು, ಅವಳನ್ನು ಹುಡುಕಿಕೊಂಡು ಹೋಗಿದ್ದ. ಗಿಟಾರು ಬಂದ ಮೇಲೆ ಮನೆ ಮತ್ತೆ ಹೊಸದಾಯಿತು. ಮಂಚದ ಮೇಲೆ ಒರಗಿ ಬಾರಿಸಿದ. ಅಡುಗೆಮನೆಯ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಬಾರಿಸಿದ. ದೊಡ್ಡ ಗಿಟಾರು ಅವಳ ದನಿಯನ್ನು ಮುಳುಗಿಸಿಬಿಡುತ್ತಿತ್ತು. ಇದು ಪಕ್ಕಕ್ಕೆ ಸರಿದು ಜಾಗ ಬಿಡುತ್ತಿತ್ತು. ಅವಳು ಹಾಡತೊಡಗಿದಳು. ಅಷ್ಟು ಸುಖವಾಗಿ ಅವರಿಬ್ಬರೂ ಹಿಂದೆಂದೂ ಇದ್ದಿರಲಿಲ್ಲ.

ಆದರೆ ಬಾರಿಸುವವನಿಗೆ ಸಡಿಲಾದ ತಂತಿಯೆಂದರೆ ಹಲ್ಲಿಗೆ ಸಿಕ್ಕಿದ ನಾರು. ನಾಲಿಗೆ ಅಲ್ಲಿಗೇ ಹೋಗುತ್ತದೆ. ಪ್ರತಿ ಹಾಡಿನಲ್ಲೂ ಅದೇ ಜಾಗದಲ್ಲಿ ಗುಂಡಿ ಬಿದ್ದಂತಾಗುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ, ಹೆಂಡತಿ ಗುನುಗುತ್ತ ಪಾತ್ರೆ ಒರೆಸುತ್ತಿದ್ದಾಗ, ಅವನು ತಂತಿ ಬಿಗಿಯುವ ಮೂರನೇ ಬಿರಡೆಗೆ ಕೈ ಹಾಕಿದ.

ಒಂದು ಸುತ್ತು. ತಂತಿ ಗೊರಗೊರ ಎಂದಿತು. ಅಡುಗೆಮನೆಯಲ್ಲಿ ಅವಳ ಗುನುಗು ಒಂಚೂರು ಏರಿತು. ಇನ್ನೊಂದು ಸುತ್ತು. ಗುನುಗು ಮತ್ತೂ ಏರಿತು. ಅವಳು ತನ್ನ ಜೊತೆ ಶ್ರುತಿ ಹಿಡಿಯುತ್ತಿದ್ದಾಳೆಂದು ಅವನಿಗೆ ಖುಷಿಯಾಯಿತು. ಗಿಟಾರಿನ ಬಾಯಿಯಿಂದ ಸುಟ್ಟ ಕೂದಲಿನ ವಾಸನೆ ಬಂತು. ಒಲೆಯ ಮೇಲೇನೋ ಸೀದಿರಬೇಕು ಎಂದುಕೊಂಡು ಮತ್ತೆ ತಿರುಗಿಸಿದ. ಶ್ರುತಿ ಕೂಡಿತು. ಗುನುಗು ನಿಂತಿತು. ತಟ್ಟೆ ಬಿದ್ದು ಉರುಳಿದ ಸದ್ದಾಯಿತು.

ಅವಳು ಗೋಡೆಗೆ ಒರಗಿ ಕುತ್ತಿಗೆ ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಕುತ್ತಿಗೆಯ ಸುತ್ತ ದಾರ ಬಿಗಿದಂಥ ಸಣ್ಣ ಗೆರೆ. ಅವನು ಓಡಿಹೋಗಿ ಗಿಟಾರು ತಂದು ಬಿರಡೆಯನ್ನು ಸಡಿಲಿಸಿದ. ಅವಳ ತಲೆ ಎದೆಗೆ ಬಿತ್ತು. ತುಟಿ ನೀಲಿಯಾಯಿತು. ಉಸಿರೇ ಇಲ್ಲ. ಮತ್ತೆ ಬಿಗಿದ. ಉಸಿರು ಬಂತು, ದನಿ ಬರಲಿಲ್ಲ.

ಮುದುಕನಿಗೆ ಫೋನು ಮಾಡಿದ. ಮುದುಕ ಇಷ್ಟೇ ಹೇಳಿದ: "ಆ ಶ್ರುತಿ ಇಳಿಯೋಕೆ ಬಿಡ್ಬೇಡ. ತಂತಿ ಇರೋತನಕ ಅವ್ಳಿರ್ತಾಳೆ."

ವೈದ್ಯರು ಗಂಟಲೊಳಗೆ ದೀಪ ಬಿಟ್ಟು ನೋಡಿ ಏನೂ ಇಲ್ಲವೆಂದರು. ನಿಲ್ದಾಣದ ಮೈಕಿಗೆ ಬೇರೊಬ್ಬಳು ಬಂದಳು. ಕನ್ನಡಕದವನು ತನ್ನ ಅಂಗಡಿ ಮುಚ್ಚಿದ. ಬಿಸಿಲು ತಾಗಿದರೆ ತಂತಿ ಇಳಿಯುತ್ತದೆಂದು ಹಗಲಲ್ಲೂ ಪರದೆ ಎಳೆದು, ಕತ್ತಲಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ತಂತಿಯನ್ನು ಮೀಟುವುದು, ಕೇಳುವುದು, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುವುದು. ಅವಳು ಎದುರಿಗೆ ಮಲಗಿ ಅವನ ಬೆರಳನ್ನೇ ನೋಡುತ್ತಿದ್ದಳು. ಗಂಡನೆಂದರೆ ಹೀಗಿರಬೇಕು ಎಂದು ನೆರೆಮನೆಯ ಅಕ್ಕ ಕಣ್ಣೊರೆಸಿಕೊಂಡು ಹೋದಳು.

ಒಂದು ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ತಂತಿ ಬಿಗಿದವರಿಗೆ ಏನೂ ಆಗುವುದಿಲ್ಲ ಎಂದಿದ್ದ ಮುದುಕ. ಅಂದರೆ ಹೆಂಡತಿಯೇ ಬಿರಡೆ ತಿರುಗಿಸಿದರೆ ಅವಳಿಗೆ ಬಿಡುಗಡೆ, ಜೊತೆಗೆ ಬಾರಿಸಿದ ತನ್ನ ಗಂಟಲು ಕಟ್ಟು. ಮೊದಲ ದಿನವೇ ಅವನಿಗೆ ಇದು ಹೊಳೆದಿತ್ತು. ನಾಳೆ ಹೇಳೋಣ ಎಂದುಕೊಂಡ. ಮರುದಿನವೂ ನಾಳೆ ಎಂದುಕೊಂಡ. ಎರಡು ಸಲ ಅವಳು ಅವನ ಬಳಲಿದ ಮುಖ ನೋಡಿ, ತಾನು ಹಿಡಿದಿರುತ್ತೇನೆಂದು ಸನ್ನೆ ಮಾಡಿ ಕೈ ಚಾಚಿದಳು. ನಿನಗೆ ಗೊತ್ತಾಗಲ್ಲ ಸುಮ್ಮನಿರು ಎಂದು ಪ್ರೀತಿಯಿಂದಲೇ ಆ ಕೈಯನ್ನು ಸರಿಸಿದ. ಹಾಗೆ ಸರಿಸಿದ್ದಕ್ಕೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಆದರೂ ಬಿರಡೆ ಬಿಡಲಿಲ್ಲ. ಅಷ್ಟರಲ್ಲಿ ತಂತಿಯ ಮೇಲೆ ಸುತ್ತಿದ್ದ ಸಣ್ಣ ಎಳೆ ಬುಡದಲ್ಲಿ ಬಿಚ್ಚಿಕೊಳ್ಳತೊಡಗಿತ್ತು.

ಒಂದು ಮಧ್ಯಾಹ್ನ ಕೂತಲ್ಲೇ ಅವನಿಗೆ ಜೊಂಪು ಹತ್ತಿತು. ಪರದೆ ಸರಿದು ಬಿಸಿಲಿನ ಕೋಲೊಂದು ತಂತಿಯ ಮೇಲೆ ಬಿತ್ತು. ತಂತಿ ಇಳಿಯಿತು. ಉಸಿರು ನಿಲ್ಲುತ್ತಿದ್ದ ಹೆಂಡತಿ ನೆಲದ ಮೇಲೆ ತೆವಳಿಕೊಂಡು ಬಂದಳು. ಅವನನ್ನು ಅಲುಗಿಸಿದಳು. ಅವನು ಏಳಲಿಲ್ಲ. ಗಿಟಾರನ್ನು ಎಳೆದುಕೊಂಡಳು. ದಿನವೂ ನೋಡುತ್ತಿದ್ದ ಬಿರಡೆಯನ್ನು ತಾನೇ ಹಿಡಿದು ತಿರುಗಿಸಿದಳು.

ಗಂಟಲಿಗೆ ಏನೋ ಬಿಗಿದಂತಾಗಿ ಅವನಿಗೆ ಎಚ್ಚರವಾಯಿತು. ಸುಟ್ಟ ಕೂದಲಿನ ವಾಸನೆ. ಬಾಯಿ ತೆರೆದ. ಸದ್ದಿಲ್ಲ.

"ರೀ," ಎಂದಿತು ಒಂದು ದನಿ. ರೈಲು ತಪ್ಪಿಸಿಕೊಳ್ಳುವಂತೆ ಮಾಡಿದ ಅದೇ ದನಿ. "ರೀ, ನಂಗೆ ಮಾತು ಬಂತು ರೀ."

ಅವಳು ನಗುತ್ತಿದ್ದಳು, ಅಳುತ್ತಿದ್ದಳು. ಆಮೇಲೆ ಅವನ ಕುತ್ತಿಗೆಯ ಗೆರೆ ಕಂಡಳು. ತನ್ನ ಕೈಯಲ್ಲಿದ್ದ ಬಿರಡೆ ನೋಡಿದಳು. ಅವನ ಮುಖ ನೋಡಿದಳು. ಆ ಮುಖದಲ್ಲಿ ಹೆದರಿಕೆಯಿತ್ತು, ಆಶ್ಚರ್ಯ ಮಾತ್ರ ಇರಲಿಲ್ಲ. ಅವಳ ನಗು ನಿಂತಿತು.

"ನಿಮಗೆ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ.

ಟಿಣ್. ಎಳೆಯೊಂದು ಕಳಚಿತು. ಅವನ ಉಸಿರು ಅರ್ಧವಾಯಿತು. ಅವಳು ಬಿರಡೆಯನ್ನು ಒಂಚೂರು ತಿರುಗಿಸಿದಳು. ಉಸಿರು ಮರಳಿತು. ತಂತಿ ಇನ್ನೂ ಸಣ್ಣಗಾಯಿತು. ಅವನು ಎರಡೂ ಕೈ ಚಾಚಿದ. ಬೇಡಿದ. ಬಿರಡೆ ಕೊಡು. ಒಂದು ಸಲ. ಒಂದೇ ಒಂದು ಸಲ. ಅವಳು ಅವನ ಕೈಗಳನ್ನು ನೋಡುತ್ತ ಹಿಂದಕ್ಕೆ ಸರಿದಳು. ಬೆನ್ನು ಗೋಡೆಗೆ ತಾಗಿತು. ಗಿಟಾರನ್ನು ಎದೆಗೆ ಅವಚಿಕೊಂಡಳು. ಅದು ಚಿಕ್ಕದಲ್ಲವೇ, ಎರಡು ತೋಳಿನೊಳಗೆ ಪೂರ್ತಿ ಅಡಗಿತು.

"ಇನ್ನೊಂದ್ ಸ್ವಲ್ಪ ಹೊತ್ತು ಮಾತಾಡ್ತೀನಿ ರೀ," ಎಂದಳು.