ವಾಸಿಯಾದ ಕಲ್ಲು

ಸಿಯೆಮ್ ರೀಪ್ ಪ್ರಾಂತ್ಯದ ಸ್ವಾಯ್ ಗುಡಿ ಪೊಲೀಸ್ ಹೊರಠಾಣೆ. 2019ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 8.40. ಶಿಲ್ಪಗಳ ಸವಕಳಿ ಅಳೆಯುವ ತಂಡದ ಸ್ರೈಮಮ್ ಎರಡು ಚಿತ್ರಗಳನ್ನು ಇನ್‌ಸ್ಪೆಕ್ಟರ್ ಛಿಮ್ ವುಥೀ ಅವರ ಮೇಜಿನ ಮೇಲಿಟ್ಟಳು.

“ಕಲ್ಲು ವಾಸಿಯಾಗಿಬಿಟ್ಟಿದೆ ಸರ್.”

“ಒಳ್ಳೇದಾಯ್ತಲ್ಲಮ್ಮ. ಅದಕ್ಕೆ ಪೊಲೀಸ್ ಯಾಕೆ?”

“ಕಲ್ಲು ವಾಸಿಯಾಗಲ್ಲ ಸರ್.”

ಶಾಖ ಹಿಡಿಯುವ ಕ್ಯಾಮೆರಾದ ಚಿತ್ರಗಳವು. ಮರಳುಗಲ್ಲಿನ ಮೇಲ್ಪದರ ಬಿಟ್ಟುಕೊಂಡರೆ ಹಿಂದೆ ಪೊಳ್ಳಾಗುತ್ತದೆ. ಪೊಳ್ಳಿರುವ ಕಡೆ ಬೆಳಗಿನ ಬಿಸಿಲಿಗೆ ಬೇಗ ಕಾಯ್ದು ಚಿತ್ರದಲ್ಲಿ ಕೆಂಪಾಗುತ್ತದೆ. ಹೋದ ವರ್ಷ ಗುಡಿಯ ಪೂರ್ವ ಗೋಡೆಯ ದೇವತೆಯ ಮುಖ ಕೆಂಡದಂತಿತ್ತು. ಈ ವರ್ಷ ಅದೇ ಮುಖ ತಣ್ಣಗೆ ನೀಲಿ.

11.15ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಬರಿಗಣ್ಣಿಗೆ ವ್ಯತ್ಯಾಸವೇ ಇಲ್ಲ. ಅದೇ ಅರೆಮುಚ್ಚಿದ ಕಣ್ಣು, ಅದೇ ಮುಕ್ಕಾದ ಮೂಗು. ಆದರೆ ಪೊಳ್ಳು ಮಾಯವಾಗಿದ್ದಕ್ಕೆ ಒಂದೇ ಅರ್ಥ: ಬಿಟ್ಟುಕೊಂಡಿದ್ದ ಪದರವನ್ನು ಯಾರೋ ಕಳಚಿ, ಅಷ್ಟೇ ದಪ್ಪದ ಹೊಸ ಮುಖ ಕೂರಿಸಿದ್ದರು. ವುಥೀ ಎಫ್‌ಐಆರ್ ದಾಖಲಿಸಿ ಗಡಿಯ ಚೌಕಿಗಳಿಗೆಲ್ಲ ಸುದ್ದಿ ಕಳಿಸಿದರು. ಗಡಿ ದಾಟಿದ ದೇವತೆಗಳು ಹಿಂತಿರುಗಿದ್ದು ಕಡಿಮೆ.

“ಮೂಗಿನ ಮುಕ್ಕನ್ನೂ ಬಿಡದೆ ಕೆತ್ತಿದಾನೆ” ಎಂದಳು ಕಾನ್‌ಸ್ಟೇಬಲ್ ಪಿಸೈ. “ನಮ್ಮ ಮನೆ ಕಟ್ಟಿದ ಮೇಸ್ತ್ರಿಗೆ ಇಷ್ಟು ನಿಯತ್ತಿದ್ದಿದ್ರೆ ಮೆಟ್ಟಿಲು ಅಲ್ಲಾಡ್ತಿರಲಿಲ್ಲ.”

ಸ್ರೈಮಮ್ ಗೋಡೆಗೆ ಕಪ್ಪು ಬಟ್ಟೆ ಇಳಿಬಿಟ್ಟು ಒಳಗೆ ನೇರಳಾತೀತ ದೀಪ ಹಿಡಿದಳು. ದೇವತೆಯ ಹಣೆಯಲ್ಲಿ ಮೂರು ಚುಕ್ಕೆ ಹೊಳೆದವು.

“ಮೇಣ” ಎಂದಳು. “ಒರೆಸಿದಾರೆ. ಕಲ್ಲು ಕುಡಿದಿದ್ದು ಹೋಗಿಲ್ಲ.”

ಪಿಸೈ ಬಗ್ಗಿ ನೋಡಿದಳು. “ಉಳಿ ಎತ್ತೋ ಮೊದಲು ಗುರುವಿಗೆ ಮೇಣದ ಬತ್ತಿ ಹಚ್ಚೋದು ಕಲ್ಲು ಕೆತ್ತೋ ನಮ್ಮ ಮಾವನೂ ಮಾಡ್ತಾನೆ ಸರ್. ಆದ್ರೆ ಬಾಳೆದಿಂಡಿನ ಮೇಲೆ. ಕಲ್ಲಿಗೇ ಯಾರು ತೊಟ್ಟಿಕ್ಕಿಸ್ತಾರೆ?”

ಆ ಒಂದು ಪ್ರಶ್ನೆ ಹಿಡಿದು ಎರಡು ದಿನ ಕಲ್ಕುಟಿಗರ ಕೊಟ್ಟಿಗೆಗಳನ್ನು ಸುತ್ತಿದರು. ಏಳನೆಯದರಲ್ಲಿ ಉತ್ತರ ಸಿಕ್ಕಿತು.

“ಹೆಮ್ ಅಜ್ಜ ಒಬ್ನೇ” ಎಂದ ಯಜಮಾನ. “ಅವನ ಗುರು ಹಂಗೇ ಕಲಿಸಿದ್ದು. ಮೊದಲು ಕಲ್ಲಿನ ಹಣೆಗೆ ಮೂರು ಹನಿ, ಆಮೇಲೆ ಕೆಲಸ, ಆಮೇಲೆ ನಮ್ಮ ಜೊತೆ ಜಗಳ.”

ಹೆಸರು ಕೇಳಿ ಸ್ರೈಮಮ್ ಮುಖ ಸಣ್ಣದಾಯಿತು. ನಾಲ್ಕು ವರ್ಷದಿಂದ ಅವಳ ಕ್ಯಾಮೆರಾ ಹೊರುತ್ತಿದ್ದವನು ಅವನೇ.

ಮಾರ್ಚ್ 15, ಬೆಳಿಗ್ಗೆ 7.10. ಎಪ್ಪತ್ತೊಂದರ ಹೆಮ್ ಎತ್ತರದ ಕಂಬಗಳ ಮೇಲೆ ನಿಂತ ತನ್ನ ಮನೆಯ ಕೆಳಗೆ ಕೂತು ಉಳಿ ಮಸೆಯುತ್ತಿದ್ದ. ಪೊಲೀಸರನ್ನೂ ಜೊತೆಗಿದ್ದ ಸ್ರೈಮಮ್‌ಳನ್ನೂ ಕಂಡು ಎದ್ದ.

“ಅನ್ನ ತಿಂದ್ರಾ?”

“ಮುಖ ಎಲ್ಲಿ ಅಜ್ಜ?”

“ಮೇಲಿದೆ. ಚಪ್ಪಲಿ ಬಿಟ್ಟು ಬನ್ನಿ.”

ಅವನ ಮಂಚದ ಮೇಲೆ, ಭತ್ತದ ಹೊಟ್ಟಿನ ಹಾಸಿನಲ್ಲಿ ದೇವತೆ ಮಲಗಿದ್ದಳು. ಅಜ್ಜನ ಚಾಪೆ ನೆಲದಲ್ಲಿತ್ತು.

“ಯಾರಿಗೆ ಮಾರೋಕಿತ್ತು?”

“ಮಾರೋದಾ?” ಅಜ್ಜ ಸ್ರೈಮಮ್ ಕಡೆ ನೋಡಿದ. “ವರ್ಷವರ್ಷ ಆ ಕೆಂಪು ಅಗಲ ಆಗ್ತಿತ್ತು. ಈ ಮಗು ಬರೆದು ಬರೆದು ಕಳಿಸ್ತು. ಮೇಲಿನವರು ಮುಂದಿನ ವರ್ಷ ನೋಡೋಣ ಅಂದ್ರು. ಈ ಮಳೆಗೆ ಉದುರಿ ಹೋಗ್ತಿತ್ತು ಸ್ವಾಮಿ. ಕೈ ಹಾಕಿದ್ದೇ ತಡ, ಬಾಳೆ ಸಿಪ್ಪೆ ಹಂಗೆ ಬಂತು.”

“ಮೇಣ ಆ ದೀಪಕ್ಕೆ ಕಾಣತ್ತೆ ಅಂತ ಗೊತ್ತಿರಲಿಲ್ವಾ?”

“ಗೊತ್ತಿತ್ತು. ದೀಪ ಹೊತ್ತವನೇ ನಾನು.” ಅಜ್ಜ ತನ್ನ ಕೈಗಳನ್ನು ನೋಡಿಕೊಂಡ. “ಗುರುವಿಗೆ ಕೈ ಮುಗೀದೆ ಉಳಿ ಹೆಂಗೆ ಎತ್ಲಿ?”

8.05ಕ್ಕೆ ಜಪ್ತಿ ಪಂಚನಾಮೆ ಬರೆದು ಹೆಮ್‌ನನ್ನು ಬಂಧಿಸಲಾಯಿತು. ಜೀಪಿನಲ್ಲಿ ವುಥೀ ಅವನಿಗೆ ಬೇಡಿ ಹಾಕಲಿಲ್ಲ. ದೇವತೆಯ ಮುಖ ಅವನ ತೊಡೆಯ ಮೇಲಿತ್ತು. ಅದನ್ನು ಹೇಗೆ ಹಿಡಿಯಬೇಕೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಠಾಣೆಯಲ್ಲಿ ಅಜ್ಜ ತನ್ನ ಬಗ್ಗೆ ಏನೂ ಕೇಳಲಿಲ್ಲ. ದೇವತೆಯನ್ನು ಹಿಡಿದುಕೊಂಡೇ ತಗಡಿನ ಮಾಡನ್ನು ನೋಡಿದ.

“ಇಲ್ಲಿ ಸೋರುತ್ತಾ?”

“ಸೋರುತ್ತೆ” ಎಂದರು ವುಥೀ. “ನನ್ನ ಕುರ್ಚಿ ಇರೋ ಕಡೆ ಮಾತ್ರ ಇಲ್ಲ.”

ಹಾಗೆಂದು ಎದ್ದು, ದೇವತೆಗೆ ಆ ಜಾಗ ಬಿಟ್ಟು, ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡರು.