ಗಾಡಿಯ ಅಡಿಯ ಜಾಕ್

ನನ್ನ ಗಂಡ ವ್ಯಾನಿನ ಅಡಿ ಸಿಕ್ಕಿ ತೀರಿಕೊಂಡ ದಿನ ನಮ್ಮ ಜಾಕ್ ಮನೆಯಲ್ಲಿರಲಿಲ್ಲ. ಮೈದುನ ಇಸಕೊಂಡು ಹೋದವನು ವಾಪಸ್ ಕೊಟ್ಟಿರಲಿಲ್ಲ. ಅದಕ್ಕೇ ಇವರು ಗಾಡಿಗೆ ಕಲ್ಲು ಆನಿಸಿ, ರಿಪೇರಿಗೆಂದು ಅಡಿಯಲ್ಲಿ ಮಲಗಿದ್ದರು.

ವರ್ಷ ತುಂಬುವ ಮೊದಲೇ ಮೈದುನ ಅದೇ ವ್ಯಾನಿನಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ದೂರದ ಪ್ರವಾಸ ಹೊರಡಲು ತಯಾರಾದ. ಮಟಮಟ ಮಧ್ಯಾಹ್ನ ವ್ಯಾನ್ ನಿಂತಿದ್ದ ನಮ್ಮ ಶೆಡ್ಡಿನಲ್ಲಿ ಕೂತು ಪಾನಾ, ಇಕ್ಕಳ, ಸ್ಕ್ರೂಡ್ರೈವರ್ ಎಲ್ಲ ಡಬ್ಬಕ್ಕೆ ತುಂಬಿದ. ಮೇಲೆ ಆ ಜಾಕ್ ಇಟ್ಟ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಹೊಟ್ಟೆ ಉರಿಯಿತು.

ಅವನು ಟಾರ್ಚ್ ತರಲು ಮನೆಯೊಳಗೆ ಹೋಗಿ ಬರುವಷ್ಟರಲ್ಲಿ ಜಾಕ್ ಹಿಂದಿನ ಚಕ್ರದ ಪಕ್ಕ ನೆಲದ ಮೇಲಿತ್ತು.

"ಅತ್ತಿಗೆ, ಇದೆಲ್ಲ ಬೇಡ," ಎಂದ.

"ನಾನು ನಿಂತಲ್ಲಿಂದ ಅಲ್ಲಾಡಿಲ್ಲ ಕಣಪ್ಪ."

ಅದನ್ನೆತ್ತಿ ಡಬ್ಬಕ್ಕೆ ಹಾಕಿದವನೇ ಸರಕ್ಕನೆ ಕೈ ಎಳೆದುಕೊಂಡು ಅಂಗಿಗೆ ಉಜ್ಜಿದ. ನಾನೂ ಮುಟ್ಟಿ ನೋಡಿದೆ. ಆ ಸುಡು ಮಧ್ಯಾಹ್ನದಲ್ಲೂ ಕಬ್ಬಿಣ ಮಂಜಿನಂತೆ ಕೊರೆಯುತ್ತಿತ್ತು.

ಇಬ್ಬರೂ ನೀರು ಕುಡಿಯಲು ಒಳಗೆ ಹೋದಾಗ ಶೆಡ್ಡಿನಿಂದ ಕಿರ್ ಕಿರ್ ಅಂತ ಸದ್ದು ಬಂತು, ಯಾರೋ ನಿಧಾನಕ್ಕೆ ಹಿಡಿಕೆ ತಿರುಗಿಸುವ ಹಾಗೆ. ಓಡಿ ಬಂದರೆ ಜಾಕ್ ವ್ಯಾನಿನ ಅಡಿಗೆ ಆಸರೆ ಕೊಟ್ಟು ನಿಂತಿತ್ತು. ಮೈದುನ ಶೆಡ್ಡಿನೊಳಗೆ ಕಾಲಿಡಲಿಲ್ಲ. "ಅಣ್ಣಾ" ಎಂದು ಅಲ್ಲೇ ಕುಸಿದು ಅತ್ತ. ನನಗೆ ಸಮಾಧಾನ ಮಾಡಬೇಕು ಅನ್ನಿಸಲೇ ಇಲ್ಲ.

ಜಾಕ್ ಇಳಿಸಲು ಎದುರುಮನೆಯ ಮೆಕ್ಯಾನಿಕ್ಕನ್ನು ಕರೆದೆ. ಅವನು ಬಲವೆಲ್ಲ ಹಾಕಿ ತಿರುಗಿಸಿ ಸೋತ.

"ಅಕ್ಕಾ, ಇದರ ಸ್ಕ್ರೂ ತುಕ್ಕು ಹಿಡಿದು ಕಚ್ಕೊಂಡುಬಿಟ್ಟಿದೆ. ಇದು ತಿರುಗಿ ಎಷ್ಟು ಕಾಲ ಆಯ್ತೋ."

ಆಮೇಲೆ ಬಗ್ಗಿ ಚಕ್ರದ ಕೆಳಗೆ ಕೈ ತೂರಿಸಿ ನೋಡಿದ. ಚಕ್ರ ನೆಲಕ್ಕೆ ತಾಗಿರಲಿಲ್ಲ.